ಕೂತು ಮಾತಾಡುವ ರೀಲು

ಎಸ್ಸೆಸ್ಸೆಲ್ಸಿ ಮುಗಿಸಿ ಬೇರೇನೂ ಸಿಗದಿದ್ದಾಗ ನಾನು ಕುಂದಾಪುರದ ಟಾಕೀಸಿನ ಮೆಷಿನ್ ಕೋಣೆಗೆ ಕೆಲಸಕ್ಕೆ ಸೇರಿದೆ. ಪರದೆ ಬಿಚ್ಚಿ ಕುರ್ಚಿಗಳನ್ನು ಗುಜರಿಗೆ ಹಾಕುವವರೆಗೂ ಅಲ್ಲೇ ಇದ್ದೆ. ಈಗ ಆ ಜಾಗದಲ್ಲಿ ಬಟ್ಟೆ ಅಂಗಡಿ ಇದೆ. ಊರಿನ ಕೆಲವು ಯುವಕ ಯುವತಿಯರು ಮತ್ತೆ ಚಿತ್ರೋತ್ಸವ ಮಾಡಲು ಹೊರಟಿದ್ದಾರೆ. ಸಿನಿಮಾ ತೋರಿಸುವ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗುವಂತೆ ಏನಾದರೂ ಬರೆದುಕೊಡಿ ಎಂದು ಕೇಳಿದರು. ಒಪ್ಪಿಕೊಂಡೆ. ಇದರಲ್ಲಿ ಹೆಮ್ಮೆಪಡುವಂಥದ್ದು ಕಡಿಮೆ ಎಂದು ಮೊದಲೇ ಹೇಳಿಬಿಡುತ್ತೇನೆ.

ನನಗೆ ಕೆಲಸ ಕಲಿಸಿದವರು ಹೆಡ್ ಆಪರೇಟರ್ ಬಾಬಣ್ಣ. ಆಗ ಮೆಷಿನ್‌ನೊಳಗೆ ಬಲ್ಬು ಇರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳನ್ನು ಎದುರುಬದುರು ಇಟ್ಟು ಕಿಡಿ ಹಾರಿಸಿ ಬೆಳಕು ಮಾಡಬೇಕಿತ್ತು. ಕಡ್ಡಿ ಸವೆದಂತೆ ಕೈಯಿಂದ ತಿರುಗಿಸಿ ಹತ್ತಿರ ತರಬೇಕು. ತುಸು ಮರೆತರೆ ಪರದೆಯ ಮೇಲೆ ನಾಯಕಿಯ ಮುಖ ಕಾಮಾಲೆಯವರ ಹಾಗೆ ಹಳದಿಯಾಗುತ್ತಿತ್ತು, ಕೆಳಗಿನಿಂದ ಸಿಳ್ಳೆ ಬರುತ್ತಿತ್ತು. ಕೋಣೆಯಲ್ಲಿ ಹೊಗೆ, ಸೆಕೆ, ಫಿಲ್ಮ್ ಅಂಟಿಸುವ ದ್ರಾವಣದ ವಾಸನೆ. ಬಾಬಣ್ಣನ ಬೆರಳ ತುದಿಗಳಿಗೆ ಬಿಸಿ ತಾಗಿದ್ದೇ ಗೊತ್ತಾಗುತ್ತಿರಲಿಲ್ಲ.

ಅವರು ಕಲಿಸಿದ ಮೊದಲ ಪಾಠ ಮೆಷಿನ್‌ನದ್ದಲ್ಲ, ಬಸ್ಸಿನದ್ದು.

ನಮ್ಮ ಕಡೆ ಸಿನಿಮಾ ನೋಡಲು ಬರುವವರಲ್ಲಿ ಪೇಟೆಯವರಿಗಿಂತ ಹಳ್ಳಿಯವರೇ ಹೆಚ್ಚು. ಉತ್ತರಕ್ಕೆ ಬಿಜೂರು, ಬೈಂದೂರಿನವರು; ದಕ್ಷಿಣಕ್ಕೆ ಬ್ರಹ್ಮಾವರದವರು, ಅಲ್ಲಿಂದ ಒಳಗೆ ಕೊಕ್ಕರ್ಣೆಯವರು. ಸಂಜೆಯ ಆಟ ಮುಗಿಸಿ ಕೊನೆಯ ಪ್ರೈವೇಟ್ ಬಸ್ಸು ಹಿಡಿದರೆ ಮನೆ, ಇಲ್ಲದಿದ್ದರೆ ಬಸ್‌ಸ್ಟ್ಯಾಂಡಿನ ಬೆಂಚು. ಬೈಂದೂರು ಬಸ್ಸಿನ ಡ್ರೈವರ್ ಟಾಕೀಸಿನೆದುರು ನಿಧಾನ ಮಾಡಿ ಉದ್ದಕ್ಕೆ ಹಾರ್ನ್ ಹೊಡೆಯುತ್ತಿದ್ದ. ಆ ಸದ್ದಿಗೆ ಅರ್ಧ ಟಾಕೀಸು ಎದ್ದು ನಿಲ್ಲುತ್ತಿತ್ತು. ವಿಲನ್ ಸತ್ತನೋ ಇಲ್ಲವೋ ನೋಡದೆ ಹೋಗಬೇಕಾದವರು ಮತ್ತೆ ನಮ್ಮ ಟಾಕೀಸಿಗೆ ಬರುತ್ತಾರೆಯೇ? ಹಾಗಾಗಿ ಆಟ ತಡವಾದ ದಿನ ನಾವು ನಡುವಿನ ಒಂದು ರೀಲನ್ನು ಓಡಿಸದೆ ಬಿಟ್ಟುಬಿಡುತ್ತಿದ್ದೆವು. ಕರೆಂಟು ಹೋದರೆ, ಡಬ್ಬಿ ತಡವಾಗಿ ಬಂದರೆ, ಇದೇ ಉಪಾಯ. ಮ್ಯಾನೇಜರಿಗೆ ಗೊತ್ತಿತ್ತು. ಕೇಳುತ್ತಿರಲಿಲ್ಲ.

ಯಾವ ರೀಲು ಬಿಡಬೇಕು ಎಂಬುದಕ್ಕೂ ಬಾಬಣ್ಣನ ಲೆಕ್ಕ ಇತ್ತು. ಫಿಲ್ಮನ್ನು ನಾಲ್ಕಾರು ಅಡಿ ಬಿಚ್ಚಿ ಕೋಣೆಯ ಬಲ್ಬಿನೆದುರು ಹಿಡಿಯಬೇಕು. ಚಿತ್ರ ಚಿತ್ರಕ್ಕೂ ಬದಲಾವಣೆ ಕಂಡರೆ ಓಟ, ಕುಣಿತ, ಹೊಡೆದಾಟ. ಅದನ್ನು ಮುಟ್ಟಬಾರದು. ಉದ್ದಕ್ಕೂ ಒಂದೇ ಚಿತ್ರ ಕಂಡರೆ ಯಾರೋ ಕೂತು ಮಾತಾಡುತ್ತಿದ್ದಾರೆ ಎಂದರ್ಥ.

"ಕೂಕಂಡ್ ಮಾತಾಡು ರೀಲ್ ಬಿಟ್ಟ್ರೆ ಯಾರಿಗೂ ಎಂತ ಆತಿಲ್ಲ ಶೀನ," ಎನ್ನುತ್ತಿದ್ದರು. "ಜನ ಮಾತ್ ಕೇಂಬುಕೆ ಟಾಕೀಸಿಗೆ ಬಪ್ದಲ್ಲ. ಮಾತ್ ಮನೆಯಗೂ ಇತ್ತಲೆ."

ಒಮ್ಮೆ ಬೈಂದೂರು ಕಡೆಯ ಟೂರಿಂಗ್ ಟಾಕೀಸಿನ ಟೆಂಟಿಗೆ ಬದಲಿಯಾಗಿ ಹೋಗಿ ನಾನೊಬ್ಬನೇ ಆಟ ನಡೆಸುವಾಗ ಹೀಗೆ ಬಿಟ್ಟ ರೀಲಿನಲ್ಲಿ ನಾಯಕನ ಮದುವೆಯೇ ಇತ್ತು. ಮುಂದಿನ ರೀಲಿನಲ್ಲಿ ನಾಯಕಿ ತೊಟ್ಟಿಲು ತೂಗುತ್ತಿದ್ದಳು. ಮುಂದಿನ ಸಾಲಿನಿಂದ ಮುದುಕರೊಬ್ಬರು ಎದ್ದು ನಿಂತು ಮೆಷಿನ್ ಕಡೆ ತಿರುಗಿ, "ಹ್ವಾಯ್, ಮದಿ ಯಾವಾಗ ಆಯ್ತ್ ಮಾರಾಯ್ರೆ? ನಮ್ಗೊಂದ್ ಹೇಳಿಕೆ ಕಾಗ್ದ ಇಲ್ಯಾ?" ಎಂದು ಕೂಗಿದರು. ಟೆಂಟಿಗೆ ಟೆಂಟೇ ನಕ್ಕಿತು. ಬಸ್ಸು ಯಾರಿಗೂ ತಪ್ಪಲಿಲ್ಲ. ಈ ಕತೆಯನ್ನು ನಾನು ವರ್ಷಗಟ್ಟಲೆ ಎಲ್ಲರಿಗೂ ಹೇಳಿ ನಗಿಸಿದ್ದೇನೆ. ಈಗ ಹೇಳುವುದಿಲ್ಲ.

ಕೊಂಕಣ ರೈಲು ನಮ್ಮ ಊರಿನಲ್ಲಿ ಹೊಸದಾಗಿ ಓಡಾಡತೊಡಗಿದ ಕಾಲ. ಬಾಬಣ್ಣ ತೀರಿಕೊಂಡು ನಾನೇ ಹೆಡ್ ಆಪರೇಟರ್ ಆಗಿದ್ದೆ. ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಸದಾನಂದ ಮೇಷ್ಟ್ರು ಕೆಲವು ಗೆಳೆಯರನ್ನು ಕಟ್ಟಿಕೊಂಡು ಸಾಮಾಜಿಕ ನ್ಯಾಯ ಮತ್ತು ಮಾನವ ಹಕ್ಕುಗಳ ಚಿತ್ರೋತ್ಸವ ಮಾಡಲು ಹೊರಟರು. ಮೊದಲ ದಿನ ಕುಂದಾಪುರದ ನಮ್ಮ ಟಾಕೀಸಿನಲ್ಲಿ, ಮರುದಿನ ಬೈಂದೂರಿನ ಶಾಲೆಯ ಹಾಲಿನಲ್ಲಿ, ಮೂರನೆಯ ದಿನ ಬ್ರಹ್ಮಾವರದಲ್ಲಿ. ಟಾಕೀಸು ಕೇಳಲು ಬಂದಾಗ ಮ್ಯಾನೇಜರ್ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ವಿಚಾರಿಸಿದರು.

"ಹಾಡ್ ಇತ್ತಾ ಮೇಷ್ಟ್ರೆ?"

"ಇಲ್ಲ."

"ಫೈಟಿಂಗ್?"

"ಇಲ್ಲ."

"ಮತ್ತೆಂತ ಇತ್ತ್?"

"ಸತ್ಯ ಇತ್ತ್," ಎಂದರು ಮೇಷ್ಟ್ರು.

"ಅದ್ನ್ ಕಾಂಬುಕೆ ಬಾಲ್ಕನಿಗೆ ಜನ ಬತ್ತಿಲ್ಲ ಮಾರಾಯ್ರೆ," ಎಂದು ಮ್ಯಾನೇಜರ್ ನಕ್ಕರು. ಆದರೂ ವಾರದ ನಡುವಿನ ಒಂದು ದಿನ ಬಿಟ್ಟುಕೊಟ್ಟರು.

ಉತ್ಸವದ ಚಿತ್ರಗಳು ದೊಡ್ಡ ಫಿಲ್ಮಿನವಲ್ಲ, ಹದಿನಾರು ಎಂ.ಎಂ.ನವು. ಅದಕ್ಕೆ ಬೇರೆಯೇ ಸಣ್ಣ ಮೆಷಿನ್ ಬೇಕು. ಮೇಷ್ಟ್ರು ಎಲ್ಲಿಂದಲೋ ಒಂದನ್ನು ತಂದಿದ್ದರು. ಅದನ್ನು ನಡೆಸುವವನು ನಾನು. ಮೊದಲ ದಿನದ ಮುಖ್ಯ ಚಿತ್ರ ನಮ್ಮ ಕಡೆಯ ಗೇರುಬೀಜ ಕಾರ್ಖಾನೆಗಳ ಹೆಂಗಸರ ಬಗ್ಗೆ. ಬೆಂಗಳೂರಿನ ಒಬ್ಬ ಹುಡುಗಿ ಇಲ್ಲಿ ತಿಂಗಳುಗಟ್ಟಲೆ ಇದ್ದು ತೆಗೆದದ್ದು. ಅವಳು ಉತ್ಸವಕ್ಕೆ ಬರುವವಳಿದ್ದಳು, ತಂದೆಗೆ ಹುಷಾರಿಲ್ಲವೆಂದು ಬರಲಿಲ್ಲ. ನಾಲ್ಕು ರೀಲಿನ ಡಬ್ಬಿ ಮಾತ್ರ ಬಂತು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಅದನ್ನು ಕಾಸರಗೋಡಿನ ಕಡೆ ಇನ್ನೊಂದು ಉತ್ಸವಕ್ಕೆ ಕಳಿಸಬೇಕಿತ್ತು.

ಆ ದಿನ ಆಟಕ್ಕೆ ಮುಂಚೆ ಮೇಷ್ಟ್ರು ಒಬ್ಬ ಹೆಂಗಸನ್ನು ಬಾಗಿಲಲ್ಲಿ ಎದುರುಗೊಂಡು ಒಳಗೆ ಕರೆತಂದದ್ದನ್ನು ಮೇಲಿನ ಕಿಂಡಿಯಿಂದ ನೋಡಿದೆ. ಜೊತೆಯಲ್ಲಿ ಬಿಳಿ ಕೂದಲಿನ ಗಟ್ಟಿಮುಟ್ಟಾದ ಅತ್ತೆ, ನೆರೆಮನೆಯ ಇಬ್ಬರು. ಬಿಜೂರಿನವರು, ಸಿನಿಮಾದಲ್ಲಿ ಅವಳೂ ಇದ್ದಾಳೆ, ಅದಕ್ಕೇ ಮನೆಯವರನ್ನು ಕರೆತಂದಿದ್ದಾಳೆ ಎಂದು ಗೇಟಿನವನು ಹೇಳಿದ. ಅವಳನ್ನು ಇಲ್ಲಿ ಗುಲಾಬಿ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ.

ಅವಳ ಕತೆ ನನಗೆ ಗೊತ್ತಾದದ್ದು ಆಮೇಲೆ. ಆದರೆ ಇಲ್ಲೇ ಹೇಳುತ್ತೇನೆ. ಗುಲಾಬಿ ಒಂದು ಕಾರ್ಖಾನೆಯಲ್ಲಿ ಬೀಜ ಒಡೆಯುತ್ತಿದ್ದಳು. ಸಿಪ್ಪೆಯ ಎಣ್ಣೆ ತಾಗಿ ಕೈ ಸುಡುತ್ತದೆ, ಹಚ್ಚಿಕೊಳ್ಳಲು ಬೂದಿಯ ಜೊತೆಗೆ ಹರಳೆಣ್ಣೆಯನ್ನೂ ಕೊಡಬೇಕು ಎಂದು ಎಲ್ಲರ ಪರವಾಗಿ ಮೇಸ್ತ್ರಿಯ ಹತ್ತಿರ ಜಗಳವಾಡಿದಳು. ಕೆಲವೇ ದಿನಗಳಲ್ಲಿ, ಸಂಜೆ ಗೇಟಿನಲ್ಲಿ ತಪಾಸಣೆ ಮಾಡುವಾಗ ಅವಳ ಬುತ್ತಿಯಲ್ಲಿ ಗೇರುಬೀಜ ಸಿಕ್ಕಿತು ಎಂದು ಕೆಲಸದಿಂದ ತೆಗೆದರು. ಗೇಟಿನಲ್ಲಿ ಅಂದು ಇನ್ನೂ ಏನೋ ನಡೆಯಿತು. ಅದನ್ನು ಅವಳು ಮನೆಯಲ್ಲಿ ಬಾಯಿ ಬಿಟ್ಟು ಹೇಳಲಿಲ್ಲ. ಅದನ್ನು ಹೇಳದೆ ತಾನು ಕದ್ದಿಲ್ಲ ಎಂದು ವಿವರಿಸಲೂ ಆಗುತ್ತಿರಲಿಲ್ಲ. ಹಾಗಾಗಿ ಊರಿನಲ್ಲಿ ಬೀಜದ ಕಳ್ಳಿ ಎನ್ನಿಸಿಕೊಂಡು ಸುಮ್ಮನಿದ್ದಳು. ಮನೆಯಲ್ಲಿ ತೆಂಗಿನಕಾಯಿ ವ್ಯಾಪಾರದವನು ಬಂದು ಕಾಯಿ ಎಣಿಸುವಾಗ ಅತ್ತೆ ಅವಳನ್ನು ಬಾವಿಕಟ್ಟೆಗೆ ಕಳಿಸುತ್ತಿದ್ದರು. ಕಪಾಟಿನ ಬೀಗದ ಕೈ ಸೊಸೆಯ ಕೈಗೆ ಬರಲೇ ಇಲ್ಲ.

ಸಿನಿಮಾದ ಹುಡುಗಿ ಅವಳಿಗೆ ಒಂದು ಮಾತು ಹೇಳಿದ್ದಳಂತೆ: "ನೀವು ಒಂದು ಸಲ ಹೇಳಿ ಸಾಕು. ಆಮೇಲೆ ಯಾರಿಗೂ ಹೇಳಬೇಕಾಗಿಲ್ಲ, ಸಿನಿಮಾ ಹೇಳುತ್ತದೆ." ಆ ಮಾತನ್ನು ನಂಬಿ ಗುಲಾಬಿ ಕ್ಯಾಮೆರಾದ ಎದುರು ಕೂತು ಎಲ್ಲವನ್ನೂ ಹೇಳಿದ್ದಳು. ಅತ್ತೆ ಅದನ್ನು ಕೇಳಲಿ ಎಂದು ಅವರನ್ನು ಕುಂದಾಪುರಕ್ಕೆ ಕರೆದುಕೊಂಡು ಬಂದಿದ್ದಳು.

ಉದ್ಘಾಟನೆಯ ಭಾಷಣಗಳು ಮುಗಿಯಲೇ ಇಲ್ಲ. ಮನುಷ್ಯನ ಘನತೆಯ ಬಗ್ಗೆ ವಕೀಲರು, ಪತ್ರಕರ್ತರು, ಕಾಲೇಜಿನವರು ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಚಿತ್ರ ಶುರುವಾದ ಮೇಲೆ ಕರೆಂಟು ಹೋಗಿ ಜನರೇಟರ್ ಹತ್ತಲು ಮತ್ತಷ್ಟು ಹೊತ್ತಾಯಿತು. ಎರಡನೆಯ ರೀಲು ಅರ್ಧವಾಗುವಾಗಲೇ ಕೆಳಗೆ ಜನ ಚಪ್ಪಲಿ ಹುಡುಕಿಕೊಳ್ಳುವ ಸದ್ದು ಕೇಳತೊಡಗಿತು. ಬೈಂದೂರು ಬಸ್ಸಿನ ಹೊತ್ತು ಹತ್ತಿರ ಬಂದಿತ್ತು. ಆ ರೀಲಿನ ಕೊನೆಯಲ್ಲಿ ಬಿಳಿ ಅಂಗಿಯ ಮೇಸ್ತ್ರಿಯೊಬ್ಬ ಕುರ್ಚಿಯಲ್ಲಿ ಕೂತು, "ಬುತ್ತಿಯಲ್ಲಿ ಬೀಜ ಸಿಕ್ಕಿದ್ದು ಹೌದು, ಅವಳೇ ಒಪ್ಪಿಕೊಂಡಿದ್ದಾಳೆ, ನಾವು ಪೊಲೀಸಿಗೆ ಕೊಡದೆ ದಯೆ ತೋರಿಸಿದ್ದೇವೆ," ಎಂದ. ರೀಲು ಮುಗಿಯಿತು.

ಸಣ್ಣ ಮೆಷಿನ್ ಒಂದೇ ಇದ್ದುದರಿಂದ ರೀಲು ಬದಲಿಸುವಾಗ ಲೈಟು ಹಾಕಬೇಕಿತ್ತು. ಬೆಳಕಿನಲ್ಲಿ ನಾನು ಕೆಳಗೆ ನೋಡಿದೆ. ಬಿಜೂರಿನ ಆ ಅತ್ತೆ ಕುರ್ಚಿಯ ತುದಿಗೆ ಸರಿದು ಬಾಗಿಲ ಕಡೆ ನೋಡುತ್ತಿದ್ದರು. ಪಾಪ, ವಯಸ್ಸಾದವರು, ಬಸ್ಸು ತಪ್ಪಿದರೆ ಎಲ್ಲಿ ಮಲಗುತ್ತಾರೆ ಎಂದುಕೊಂಡೆ. ಮೂರನೆಯ ರೀಲನ್ನು ನಾಲ್ಕಾರು ಅಡಿ ಬಿಚ್ಚಿ ಬಲ್ಬಿನೆದುರು ಹಿಡಿದೆ. ಒಂದೇ ಚಿತ್ರ. ಯಾರೋ ಹೆಂಗಸು ಹಿಂಬಾಗಿಲ ಮೆಟ್ಟಿಲಲ್ಲಿ ಕೂತಿದ್ದಾಳೆ. ಇನ್ನೂ ಬಿಚ್ಚಿದೆ. ಅದೇ ಹೆಂಗಸು, ಅದೇ ಮೆಟ್ಟಿಲು. ಕೂತು ಮಾತಾಡುವ ರೀಲು.

ಅದನ್ನು ಸುತ್ತಿ ಡಬ್ಬಿಗೆ ಹಾಕಿದೆ. ನಾಲ್ಕನೆಯದನ್ನು ಏರಿಸಿದೆ.

ಉಗುರಿನಷ್ಟು ದೊಡ್ಡ ಆ ಚಿತ್ರದಲ್ಲಿದ್ದವಳು ಕೆಳಗೆ ಕೂತವಳೇ ಎಂದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ಸಿನಿಮಾದಲ್ಲಿ ಅವಳಿದ್ದಾಳೆಂದು ಆಗಲೇ ಕೇಳಿದ್ದೆನಲ್ಲ.

ನಾಲ್ಕನೆಯ ರೀಲಿನಲ್ಲಿ ದೊಡ್ಡ ಪೇಟೆಗಳ ಅಂಗಡಿಗಳಲ್ಲಿ ಹೊಳೆಯುವ ಗೇರುಬೀಜದ ಪೊಟ್ಟಣಗಳು, ಕಾರ್ಖಾನೆಯ ಹೊಗೆ, ಮುಗಿಯಿತು. ಲೈಟು ಹಾಕುವುದಕ್ಕೂ ಹಾರ್ನ್ ಕೇಳುವುದಕ್ಕೂ ಸರಿಹೋಯಿತು. ನನ್ನ ಲೆಕ್ಕಕ್ಕೆ ನಾನೇ ಮೆಚ್ಚಿಕೊಂಡೆ. ಕೆಳಗೆ ಗುಲಾಬಿ ಮಾತ್ರ ಪರದೆಯನ್ನೇ ನೋಡುತ್ತಾ ಕೂತಿದ್ದಳು. ಅತ್ತೆ ಅವಳ ಭುಜ ತಟ್ಟಿದರು. ಟಾಕೀಸು ಖಾಲಿಯಾಗುತ್ತಿದ್ದುದರಿಂದ ಮಾತು ಮೇಲಕ್ಕೂ ಕೇಳಿಸಿತು.

"ಮೇಸ್ತ್ರಿ ಹೇಳ್ದದ್ದ್ ಕೇಂಡಾಯ್ತಲೆ. ಇದ್ನ್ ತೋರ್ಸುಕೆ ಇಷ್ಟ್ ದೂರ ಕರ್ಕಂಡ್ ಬಂದದ್ದಾ? ಏಳ್, ಬಸ್ ಬಂತ್."

ಬಸ್ಸು ಅವರಿಗೆ ಸಿಕ್ಕಿತು.

ಮರುದಿನ ಬೆಳಿಗ್ಗೆ ಡಬ್ಬಿ ಕಾಸರಗೋಡಿಗೆ ಹೋಯಿತು, ನಾನು ಮೆಷಿನ್ ಕಟ್ಟಿಕೊಂಡು ಬೈಂದೂರಿಗೆ ಹೋದೆ. ಶಾಲೆಯ ಹಾಲಿನಲ್ಲಿ ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆಯುತ್ತಿದ್ದಾಗ ಗುಲಾಬಿ ಒಬ್ಬಳೇ ಬಂದಳು. ಮೇಷ್ಟ್ರು ಹೊರಗೆಲ್ಲೋ ಇದ್ದರು. ಅವಳು ಮೆಷಿನ್ ಹತ್ತಿರ ನಿಂತು ಅದನ್ನು ಮುಟ್ಟಬಹುದೋ ಬಾರದೋ ಎಂಬಂತೆ ಕೈ ಹಿಂದಕ್ಕೆಳೆದುಕೊಂಡು ಕೇಳಿದಳು.

"ಅಣ್ಣ, ನಾನ್ ಮಾತಾಡ್ದದ್ದ್ ಇತ್ತಲೆ, ಅದ್ ಎಲ್ ಹೋಯ್ತ್?"

ನನ್ನ ಕೈಯಲ್ಲಿದ್ದ ಸುತ್ತಿಗೆ ಹಾಗೇ ನಿಂತಿತು. ಆಗ ಅವಳ ಮುಖವನ್ನು ಸರಿಯಾಗಿ ನೋಡಿದೆ. ಬಲ್ಬಿನೆದುರು ಹಿಡಿದ ಫಿಲ್ಮಿನಲ್ಲಿದ್ದವಳು.

ನಿಜ ಹೇಳಲು ಆಗಲೂ ಹೊತ್ತಿತ್ತು. ಕಾಸರಗೋಡಿಗೆ ಫೋನು ಮಾಡಿಸಿ ಡಬ್ಬಿ ವಾಪಸು ತರಿಸಬಹುದಿತ್ತು. ಆದರೆ ನಾನು ಹೆಡ್ ಆಪರೇಟರ್. ಯಾವ ರೀಲು ಬಿಡಬಾರದು ಎಂದು ತಿಳಿಯದ ಹೊಸಬರ ತಪ್ಪನ್ನು ನಾನು ಮಾಡಿದೆ ಎಂದು ಮೇಷ್ಟ್ರಿಗೆ, ಮ್ಯಾನೇಜರಿಗೆ ಗೊತ್ತಾಗುವುದು ಬೇಡವಾಗಿತ್ತು.

"ನಂಗೆಂತ ಗೊತ್ತ್ ಅಕ್ಕ? ಡಬ್ಬಿಯಗೆ ಇದ್ದದ್ದ್ ಅಷ್ಟೇ," ಎಂದೆ. ಅವಳು ಹೋಗಲಿಲ್ಲ. ಅವಳನ್ನು ಕಳಿಸಿಬಿಡಬೇಕೆಂಬ ಅವಸರದಲ್ಲಿ ಇನ್ನೊಂದು ಮಾತು ಸೇರಿಸಿದೆ. "ಆ ಬೆಂಗ್ಳೂರ್ ಹೆಣ್ಣೇ ಕತ್ತರ್ಸಿರ್ಕ್. ಅವ್ರಿಗ್ ಬೇಕಾದ್ದ್ ಇಟ್ಕಂತ್ರ್, ಬ್ಯಾಡ್ದಿದ್ದ್ ತೆಗೀತ್ರ್. ಸಿನ್ಮಾದವ್ರೆಲ್ಲ ಹಾಂಗೇ."

"ಆ ಹೆಣ್ಣ್ ನಮ್ಮನಿಯಗೇ ಉಂಡದ್ದ್ ಅಣ್ಣ," ಎಂದಳು ಗುಲಾಬಿ. "ನನ್ ಕೈ ಹಿಡ್ಕಂಡ್ ಕೂಕಂಡಿತ್ತ್."

ಅಷ್ಟೇ ಹೇಳಿ ಹೊರಟುಹೋದಳು. ಅವಳು ಅಳಲಿಲ್ಲ. ಅತ್ತಿದ್ದರೆ ಬಹುಶಃ ನಾನು ಹೇಳಿಬಿಡುತ್ತಿದ್ದೆ.

ಮೂರನೆಯ ದಿನ ಬ್ರಹ್ಮಾವರದಲ್ಲಿ ನಾನು ಯಾವ ರೀಲನ್ನೂ ಬಿಡಲಿಲ್ಲ. ಅಲ್ಲೂ ತಡವಾಯಿತು, ಕೊಕ್ಕರ್ಣೆಯ ಬಸ್ಸು ಹೋಗಿಬಿಟ್ಟಿತು. ಈಗ ಗಲಾಟೆಯಾಗುತ್ತದೆ ಎಂದು ನಾನು ಮೆಷಿನ್ ಹಿಂದೆ ಅಡಗಿ ನಿಂತೆ. ಯಾರೋ ಹಂಚು ಸಾಗಿಸುವ ಒಂದು ಟೆಂಪೊ ನಿಲ್ಲಿಸಿದರು. ಹೆಂಗಸರು ಮಕ್ಕಳು ಎಲ್ಲರೂ ಹತ್ತಿದರು. "ಅಡ್ಡಿಲ್ಲ ಮಾರಾಯ್ರೆ, ಪಿಚ್ಚರ್ ಪೂರ್ತಿ ಕಂಡಾಯ್ತ್," ಎಂದು ಒಬ್ಬ ಟೆಂಪೊದ ಹಿಂದಿನಿಂದ ಕೂಗಿ ಹೇಳಿದ. ಬಸ್ಸು ತಪ್ಪಿದರೆ ಪ್ರಪಂಚ ಮುಳುಗುತ್ತದೆ ಎಂದು ನಂಬಿಕೊಂಡು ಅಷ್ಟು ವರ್ಷ ಕೆಲಸ ಮಾಡಿದ್ದೆ. ಮುಳುಗಲಿಲ್ಲ. ಆ ಟೆಂಪೊ ಕಣ್ಮರೆಯಾಗುವವರೆಗೂ ರಸ್ತೆಯಲ್ಲಿ ನಿಂತಿದ್ದೆ.

ಕೆಲವು ದಿನಗಳ ನಂತರ ಮೇಷ್ಟ್ರು ಟಾಕೀಸಿಗೆ ಬಂದರು. ಚಿತ್ರದಲ್ಲಿ ಗುಲಾಬಿಯ ಮಾತೇ ಇರಲಿಲ್ಲವಲ್ಲ ಎಂದು ಅವರು ಬೆಂಗಳೂರಿಗೆ ಫೋನು ಮಾಡಿ ಕೇಳಿದ್ದರು. ನಾಲ್ಕೂ ರೀಲು ಡಬ್ಬಿಯಲ್ಲಿ ಇದ್ದವು, ಕಾಸರಗೋಡಿನಲ್ಲಿ ಪೂರ್ತಿ ತೋರಿಸಿದ್ದಾರೆ ಎಂದು ಆ ಹುಡುಗಿ ಹೇಳಿದಳಂತೆ.

"ಹೌದಾ ಶೀನ?"

"ನಂಗ್ ಬಂದದ್ದ್ ಮೂರೇ ಮೇಷ್ಟ್ರೆ."

ಮೇಷ್ಟ್ರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ನಾನೂ ಅದನ್ನೇ ಹೇಳಿದೆ. ನಮ್ಮ ಶೀನ ಸುಳ್ಳು ಹೇಳುವವನಲ್ಲ, ನೀವೇ ಕಳಿಸಿರಲಿಕ್ಕಿಲ್ಲ, ಕಾಸರಗೋಡಿಗೆ ಆಮೇಲೆ ಬೇರೆಯಾಗಿ ಕಳಿಸಿರಬೇಕು, ಈಗ ಮಾತು ತಿರುಗಿಸಬೇಡಿ ಎಂದೆ. ಸಿಟ್ಟು ಬಂತು, ಜೋರಾಗಿಯೇ ಹೇಳಿದೆ," ಎಂದರು.

ಆ ಹುಡುಗಿ ಮತ್ತೆ ನಮ್ಮ ಉತ್ಸವಕ್ಕೆ ಚಿತ್ರ ಕಳಿಸಲಿಲ್ಲ. ಒಂದು ಸಲ ಬಿಜೂರಿಗೆ ಬಂದಿದ್ದಳಂತೆ. ಗುಲಾಬಿ ಬಾಗಿಲು ತೆಗೆಯಲಿಲ್ಲ. ಜಗಲಿಯಲ್ಲಿ ಬಹಳ ಹೊತ್ತು ಕೂತಿದ್ದು ವಾಪಸು ಹೋದಳು ಎಂದು ಬಸ್ಸಿನವರು ಹೇಳಿದರು. ಅನ್ಯಾಯವನ್ನು ಸಿನಿಮಾದಲ್ಲಿ ಹೇಳಲು ಹೊರಟ ಮೇಷ್ಟ್ರು, ಆ ಹುಡುಗಿ, ಗುಲಾಬಿ ಈ ಮೂವರ ನಡುವಿನ ನಂಬಿಕೆಯನ್ನು ನಾನೊಬ್ಬನೇ ಮುರಿದೆ. ಅದನ್ನೂ ಇನ್ನೊಬ್ಬರ ತಲೆಗೆ ಕಟ್ಟಿದೆ.

ಮೇಷ್ಟ್ರು ಕೊನೆಗಾಲದಲ್ಲಿ ಕುಂದಾಪುರದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೇಳಿಬಿಡಬೇಕೆಂದು ಹೋದೆ. ಕಿತ್ತಳೆ ತೆಗೆದುಕೊಂಡು ಹೋಗಿದ್ದೆ. ನಾನು ಒಳಗೆ ಕಾಲಿಟ್ಟ ಕೂಡಲೇ ಅವರು ಮಗಳಿಗೆ, "ಇವನೇ ಕಾಣ್, ನಮ್ಮ ಉತ್ಸವದ ಬೆನ್ನೆಲುಬು," ಎಂದರು. ನಾನು ಕಿತ್ತಳೆ ಸುಲಿದು ತೊಳೆ ಬಿಡಿಸಿ ಕೊಟ್ಟೆ. ಎರಡು ತೊಳೆ ತಿಂದರು. ನಾನು ಎದ್ದು ಬಂದೆ. ಅವರಿಲ್ಲದೆ ಉತ್ಸವವೂ ನಿಂತುಹೋಯಿತು.

ಕೆಲಸದ ರೀತಿ ಬದಲಾಗುತ್ತಾ ಹೋಯಿತು. ಕಾರ್ಬನ್ ಕಡ್ಡಿ ಹೋಗಿ ಕ್ಸೆನಾನ್ ಬಲ್ಬು ಬಂತು. ಆಮೇಲೆ ಫಿಲ್ಮೇ ಹೋಗಿ ಸಿನಿಮಾ ಉಪಗ್ರಹದ ಮೂಲಕ ಆಕಾಶದಿಂದ ಪೆಟ್ಟಿಗೆಗೆ ಇಳಿಯತೊಡಗಿತು. ಗುಂಡಿ ಒತ್ತುವುದಷ್ಟೇ ಕೆಲಸ. ರೀಲು ಬಿಡುವ ಪ್ರಶ್ನೆಯೇ ಇಲ್ಲ. ಆದರೆ ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸುವ ಹುಡುಗರು ಹೊತ್ತಾಯಿತು ಎಂದು ಬೆರಳಿನಿಂದ ಮುಂದಕ್ಕೆ ಓಡಿಸುವುದನ್ನು ನೋಡಿದ್ದೇನೆ. ಯಾವುದನ್ನು ಓಡಿಸುತ್ತಾರೆ? ಯಾರಾದರೂ ಕೂತು ಮಾತಾಡುವುದನ್ನು. ಅವರಿಗೆ ಬಾಬಣ್ಣನ ಹೆಸರೂ ಗೊತ್ತಿಲ್ಲ, ಪಾಠ ಮಾತ್ರ ಹೇಗೋ ತಲುಪಿದೆ.

ಈ ಸಲದ ಉತ್ಸವಕ್ಕೆ ಹೊಸ ತಲೆಮಾರಿನವರು ಆರಿಸಿದ ಚಿತ್ರಗಳಲ್ಲಿ ಆ ಗೇರುಬೀಜದ ಚಿತ್ರವೂ ಇತ್ತು. ಈಗ ವಯಸ್ಸಾದ ಅದರ ನಿರ್ದೇಶಕಿ ಅದನ್ನು ಡಿವಿಡಿಗೆ ಹಾಕಿಸಿದ್ದಾರಂತೆ. ಚಿತ್ರದಲ್ಲಿರುವ ಹೆಂಗಸನ್ನು ಕೇಳದೆ ಇದೇ ಊರಿನಲ್ಲಿ ತೋರಿಸಬೇಡಿ ಎಂದು ಅವರು ಷರತ್ತು ಹಾಕಿದ್ದರು. "ಯಾರಾದರೂ ಬಿಜೂರಿಗೆ ಹೋಗಿ ಬರಬೇಕು," ಎಂದು ಹುಡುಗರು ಅಂದಾಗ ನಾನು ಹೋಗುತ್ತೇನೆ ಎಂದೆ. ಡಿವಿಡಿ ಮತ್ತು ಅದನ್ನು ನೋಡುವ ಸಣ್ಣ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಬೆಳಿಗ್ಗೆಯ ಬಸ್ಸು ಹತ್ತಿದೆ.

ಗುಲಾಬಿ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದಳು. ಕೂದಲು ನೆರೆತಿತ್ತು. ನನ್ನ ಗುರುತು ಹತ್ತಲಿಲ್ಲ. ಹೇಳಿದೆ. ಜಗಲಿಯಲ್ಲಿ ಕೂರಿಸಿ ನೀರು ಬೆಲ್ಲ ತಂದಿಟ್ಟಳು. ಅದನ್ನು ಮುಟ್ಟದೆ, ಬಸ್ಸು, ಬಲ್ಬು, ಮೂರನೆಯ ರೀಲು, ಬೈಂದೂರಿನಲ್ಲಿ ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಕೇಳಿದಳು.

"ಬಸ್ಸಿಗಾ?"

"ಹೌದ್ ಅಕ್ಕ."

"ನಮ್ಗ್ ಬಸ್ ತಪ್ಪುಕಾಗ ಅಂದಾ?"

ನಾನು ತಲೆಯಾಡಿಸಿದೆ.

"ಬಸ್‌ಸ್ಟ್ಯಾಂಡಿನಗೆ ಮನಿಕಂತಿದ್ದೆ ಮಾರಾಯ್ರೆ," ಎಂದಳು. "ಅತ್ತಿನ ನನ್ ತೊಡಿ ಮೇಲ್ ಮನಿಸ್ಕಂತಿದ್ದೆ."

ಅತ್ತೆ ಹೋಗಿ ಆರು ವರ್ಷವಾಯಿತಂತೆ. ಕೊನೆಗೆ ಎರಡು ವರ್ಷ ಹಾಸಿಗೆಯಲ್ಲೇ. "ಗಂಜಿ ನಾನೇ ಕುಡ್ಸುದ್. ಗಂಜಿ ಕುಡ್ದ್ ಬಾಯಿ ಒರ್ಸ್‌ಕಂಡ್, ಮೊದ್ಲ್ ಸೆರಗಿನ್ ಬೀಗದ್ ಕೈ ಮುಟ್ಟಿ ಕಾಂತಿದ್ರ್. ಇತ್ತಾ ಇಲ್ಯಾ ಅಂದ್. ಸಾಯು ದಿನವೂ ಮುಟ್ಟಿ ಕಂಡ್ರ್," ಎಂದಳು. "ನಂಗ್ ಆ ಬೆಂಗ್ಳೂರಿನ್ ಹೆಣ್ಣಿನ ಮೇಲ್ ಸಿಟ್ಟ್. ಬಾಗ್ಲಿಗ್ ಬಂದದ್ದಕ್ಕೆ ಒಂದ್ ಲೋಟ ನೀರ್ ಕೊಡ್ಲಿಲ್ಲ ನಾನ್."

ಚಿತ್ರ ತೋರಿಸಲು ಒಪ್ಪಿಗೆ ಇದೆಯೇ ಎಂದು ಕೇಳಿದೆ.

"ಬ್ಯಾಡ. ಕಾಣ್ಕಾದವ್ರ್ ಈಗ ಇಲ್ಲ. ಇನ್ ಬೇರೆಯವ್ರ್ ಕಂಡ್ ಎಂತ ಮಾಡುದ್?" ಎಂದವಳು ನನ್ನ ಚೀಲದ ಕಡೆ ನೋಡಿದಳು. "ನೀವ್ ಕಂಡಿರ್ಯಾ?"

"ಇಲ್ಲ ಅಕ್ಕ."

"ಇಲ್ಲೇ ಕೂಕಂಡ್ ಕಾಣಿ. ಪೂರ್ತಿ ಕಾಣಿ. ನಂಗ್ ಕಾಂಬುದ್ ಬ್ಯಾಡ," ಎಂದು ಅಂಗಳಕ್ಕಿಳಿದು ಕಾಯಿ ಸುಲಿಯತೊಡಗಿದಳು.

ಜಗಲಿಯಲ್ಲಿ ಒಬ್ಬನೇ ಕೂತು ನೋಡಿದೆ. ಮೇಸ್ತ್ರಿಯ ಮಾತು ಮುಗಿಯುತ್ತಲೇ ಆ ಮೆಟ್ಟಿಲು ಬಂತು. ಮೆಟ್ಟಿಲ ಮೇಲೆ ಯೌವನದ ಗುಲಾಬಿ. ಅವಳು ಕದ್ದಿರಲಿಲ್ಲ. ಬೀಜವನ್ನು ಬುತ್ತಿಯೊಳಗೆ ಹಾಕಿಸಿದ್ದು ಮೇಸ್ತ್ರಿಯೇ. ಇಷ್ಟನ್ನು ಬರೆಯಲು ಅವಳ ಒಪ್ಪಿಗೆ ಇದೆ. ಅಂದು ಗೇಟಿನಲ್ಲಿ, ಲಾರಿಗೆ ಮೂಟೆ ಹೇರುವ ಗಂಡಸರ ಎದುರು, ತಪಾಸಣೆಯ ಹೆಸರಿನಲ್ಲಿ ಅವಳಿಗೆ ಏನು ಮಾಡಿದರು ಎಂಬುದನ್ನು ನಾನು ಬರೆಯುವುದಿಲ್ಲ. ಅದನ್ನು ಅವಳು ಒಂದೇ ಸಲ ಹೇಳಿದ್ದು, ಒಬ್ಬರು ಕೇಳಲಿ ಎಂದು. ಅವರು ಕೇಳಲಿಲ್ಲ. ಅವಳು ಅದನ್ನು ಹೇಳುವಾಗ ಯಾರದೋ ಒಂದು ಕೈ ಅವಳ ಕೈಯನ್ನು ಹಿಡಿದುಕೊಂಡಿತ್ತು. ನಡುವೆ ಮಾತು ನಿಂತು ಅವಳು ಸುಮ್ಮನೆ ಕೂತಿರುವ ಜಾಗವೂ ಇದೆ. ಆಗ ಆ ಕೈ ಇನ್ನೂ ಬಿಗಿಯಾಗುತ್ತದೆ. ಹೊರಗೆ ಅಂಗಳದಲ್ಲಿ ಕಾಯಿ ಸುಲಿಯುವ ಸದ್ದು ಎಲ್ಲೂ ನಿಲ್ಲಲಿಲ್ಲ.

ಮುಗಿದ ಮೇಲೆ ಅಂಗಳಕ್ಕೆ ಹೋದೆ.

"ಕಂಡಾಯ್ತಾ?" ಎಂದಳು, ತಲೆಯೆತ್ತದೆ.

"ಆಯ್ತ್."

"ಈಗ ಹೇಳಿ. ನಾನ್ ಕದ್ದದ್ದಾ?"

"ಅಲ್ಲ ಅಕ್ಕ."

"ಜೋರ್ ಹೇಳಿ. ನಂಗೊಬ್ಬಳಿಗೆ ಹೇಳ್ರೆ ಎಂತ ಬಂತ್? ನಂಗ್ ಗೊತ್ತಿಲ್ದಿದ್ದದ್ದಾ?"

ಬೇಲಿಯಾಚೆ ನೆರೆಮನೆಯ ಬಾವಿಯಲ್ಲಿ ಇಬ್ಬರು ನೀರೆಳೆಯುತ್ತಿದ್ದರು. ನಾನು ಅತ್ತ ತಿರುಗಿ, ನನ್ನ ಮುದಿ ಗಂಟಲಿನಿಂದ ಆದಷ್ಟು ಗಟ್ಟಿಯಾಗಿ, ಅವಳ ನಿಜವಾದ ಹೆಸರು ಹಿಡಿದು, "ಇವ್ರ್ ಕದಿಲಿಲ್ಲ! ಆ ಮೇಸ್ತ್ರಿ ಹೇಳ್ದದ್ದ್ ಸುಳ್ಳ್!" ಎಂದು ಕೂಗಿದೆ.

ಬಾವಿಯ ರಾಟೆ ನಿಂತಿತು. ಅಲ್ಲಿದ್ದವರು ಇಬ್ಬರೂ ಚಿಕ್ಕ ವಯಸ್ಸಿನವರು, ಆ ಮನೆಗೆ ಈಚೆಗೆ ಬಂದ ಸೊಸೆಯಂದಿರು. ಒಬ್ಬಳು ಕೊಡ ಕೆಳಗಿಟ್ಟು ಬೇಲಿಯ ಹತ್ತಿರ ಬಂದಳು.

"ಎಂತ ಅಜ್ಜ? ಯಾರ್ ಎಂತ ಕದ್ದದ್ದ್? ಯಾವ್ ಮೇಸ್ತ್ರಿ?"

ನಾನು ಗುಲಾಬಿಯ ಮುಖ ನೋಡಿದೆ. ಅವಳು ಸುಲಿದ ಕಾಯನ್ನು ರಾಶಿಗೆ ಹಾಕಿ, ಇನ್ನೊಂದನ್ನು ಕೈಗೆತ್ತಿಕೊಂಡಳು.

"ಎಂತ ಇಲ್ಲ ಹೆಣೆ," ಎಂದಳು. "ಹಳೀ ಪಿಚ್ಚರಿನ್ ಮಾತ್."